ಡಿಜೆ, ಕಿವಿ ಮತ್ತು ಓಣಿಯ ಹುಡುಗರು: ಸದ್ದಿನ ಚರ್ಚೆಯ ಒಂದು ಸಮೀಕ್ಷೆ

ಗಣಪತಿ ಕಳಿಸುವ ದಿನ ಹತ್ತಿರವಾದಂತೆ ಗದಗ-ಬೆಟಗೇರಿಯಲ್ಲೂ ಸುತ್ತಲಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ವರ್ಷವರ್ಷ ಒಂದೇ ವಾದ ಏಳುತ್ತದೆ: ಡಿಜೆ ಹಚ್ಚಬೇಕೋ, ಬೇಡವೋ. ಠಾಣೆಯಲ್ಲಿ ಶಾಂತಿ ಸಭೆ ಸೇರುತ್ತದೆ. ಅಧಿಕಾರಿಗಳು ನಿಯಮ ಓದಿ ಹೇಳುತ್ತಾರೆ, ಯುವಕ ಮಂಡಳದವರು ಕೇಳಿಸಿಕೊಂಡು ಹೋಗುತ್ತಾರೆ, ಮೆರವಣಿಗೆಯ ರಾತ್ರಿ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಪೇರಿಸಿದ ಸ್ಪೀಕರುಗಳು ಹೇಗಾದರೂ ಬಂದು ನಿಲ್ಲುತ್ತವೆ. ಮಾತು ಗಣಪತಿಗಷ್ಟೇ ಸೇರಿದ್ದಲ್ಲ. ಮಹನೀಯರ ಜಯಂತಿಗಳು, ಈದ್ ಮಿಲಾದ್, ಮದುವೆಯ ಬೀಗರ ಮೆರವಣಿಗೆ, ಚುನಾವಣೆ ಗೆದ್ದವರ ವಿಜಯೋತ್ಸವ, ಎಲ್ಲದಕ್ಕೂ ಈಗ ಅದೇ ಡಬ್ಬಿ, ಅದೇ ಬೇಸ್. ಇದನ್ನು ಕಾನೂನು ಸುವ್ಯವಸ್ಥೆಯ ಪ್ರಶ್ನೆ ಎನ್ನುವವರಿದ್ದಾರೆ, ಆರೋಗ್ಯದ ಪ್ರಶ್ನೆ ಎನ್ನುವವರಿದ್ದಾರೆ, ಹಬ್ಬದ ಹಕ್ಕಿನ ಪ್ರಶ್ನೆ ಎನ್ನುವವರೂ ಇದ್ದಾರೆ. ಮೂರಕ್ಕೂ ಆಧಾರವಿದೆ, ಮೂರೂ ಅರ್ಧಕ್ಕೆ ನಿಲ್ಲುತ್ತವೆ. ಈ ಮೂರು ವಾದಗಳನ್ನೂ, ಇವುಗಳ ಬದಿಗೆ ಇನ್ನೂ ಎಳೆಯದಾಗಿರುವ ನಾಲ್ಕನೆಯ ವಾದವೊಂದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಸದ್ದು ಮಾಡುವ ಹುಡುಗರಿಗೆ ಊರಿನ ಸಾರ್ವಜನಿಕ ಬದುಕಿನಲ್ಲಿ ಬೇರೆ ಯಾವ ಪಾಲು ಸಿಕ್ಕಿದೆ ಎಂದು ಕೇಳದೆ ಅವರ ಕಿವಿಯನ್ನಾಗಲಿ, ಊರಿನ ಕಿವಿಯನ್ನಾಗಲಿ ಕಾಪಾಡಲು ಆಗುವುದಿಲ್ಲ ಎಂಬುದು ನನ್ನ ನಿಲುವು.

ಮಗ್ಗದಿಂದ ಮೈಕಿನವರೆಗೆ

ಸದ್ದಿನಿಂದ ಕಿವಿ ಹೋಗುತ್ತದೆ ಎಂಬುದು ಹಳೆಯ ತಿಳಿವಳಿಕೆ, ಅದನ್ನು ಮೊದಲು ಕಲಿಸಿದ್ದು ದುಡಿಮೆಯ ಜಾಗ. ಇಟಲಿಯ ವೈದ್ಯ ರಾಮಝೀನಿ 18ನೇ ಶತಮಾನದ ಆರಂಭದಲ್ಲೇ ವೆನಿಸ್ಸಿನ ತಾಮ್ರಗಾರರು ಬಡಿದು ಬಡಿದು ಕಿವುಡರಾಗುವುದನ್ನು ಬರೆದಿಟ್ಟಿದ್ದ. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷಿಸಿದಾಗ ಅವರಲ್ಲಿ ಒಬ್ಬನಿಗೂ ಸರಿಯಾದ ಶ್ರವಣಶಕ್ತಿ ಉಳಿದಿರಲಿಲ್ಲ. ನಮ್ಮ ಸೀಮೆಗೂ ಈ ಪಾಠ ಹೊಸದಾಗಬೇಕಿಲ್ಲ. ಬೆಟಗೇರಿ ನೇಕಾರರ ಊರು. ಗದಗು ಮುದ್ರಣಾಲಯಗಳಿಗೆ, ಹತ್ತಿ ಮತ್ತು ಶೇಂಗಾ ವ್ಯಾಪಾರಕ್ಕೆ ಹೆಸರಾದ ಊರು. ವಿದ್ಯುತ್ ಮಗ್ಗಗಳು ಸಾಲಾಗಿ ಓಡುವ ಶೆಡ್ಡಿನೊಳಗೆ ಎದುರು ನಿಂತವನೊಡನೆ ಮಾತಾಡಬೇಕೆಂದರೂ ಕೈಸನ್ನೆ ಮಾಡಬೇಕು, ಇಲ್ಲವೇ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಸದ್ದಿನಿಂದಾದ ಕಿವುಡು 1948ರ ಕಾರ್ಖಾನೆ ಕಾಯ್ದೆಯಡಿ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿ ಸೇರಿತು. ಆದರೆ ನಾಲ್ಕಾರು ಮಗ್ಗಗಳ ಮನೆ-ಶೆಡ್ಡುಗಳು ಆ ಕಾಯ್ದೆಯ ವ್ಯಾಪ್ತಿಗೇ ಬರಲಿಲ್ಲ. ಹೀಗಾಗಿ ವಯಸ್ಸಾದ ನೇಕಾರನ ಕಿವುಡು ಕಸುಬಿನ ಗಾಯವೆಂದು ಎಲ್ಲೂ ದಾಖಲಾಗದೆ ಮುಪ್ಪಿನ ಲೆಕ್ಕಕ್ಕೆ ಜಮೆಯಾಯಿತು. ದೊಡ್ಡ ಸದ್ದನ್ನು ಬದುಕಿನ ಭಾಗವೆಂದೇ ಒಪ್ಪಿಕೊಳ್ಳುವ ರೂಢಿ ಡಿಜೆ ಬರುವುದಕ್ಕಿಂತ ಬಹಳ ಮೊದಲೇ ನಮ್ಮಲ್ಲಿ ಬೇರೂರಿತ್ತು.

ಸಾರ್ವಜನಿಕ ಸದ್ದಿನ ಕಥೆ ಬೇರೆ. 1893ರಲ್ಲಿ ಬಾಲಗಂಗಾಧರ ತಿಲಕರು ಪುಣೆಯಲ್ಲಿ ಗಣೇಶೋತ್ಸವವನ್ನು ಬೀದಿಗೆ ತಂದಾಗ ಅದರ ಜೀವಾಳವಾಗಿದ್ದವರು ಮೇಳ ಕಟ್ಟಿ ಹಾಡುತ್ತ ಹೋಗುತ್ತಿದ್ದ ಹುಡುಗರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೂ, ಅದರೊಳಗಿದ್ದ ಗದಗಿಗೂ ಆ ಗಾಳಿ ಬೀಸಿತು. ಬ್ರಿಟಿಷರ ಕಾಲದಲ್ಲಿ ಸಭೆ ಸೇರುವುದು ಕಷ್ಟವಾಗಿದ್ದಾಗ ಹಬ್ಬವೇ ಸಭೆಯಾಯಿತು: ಪಟ್ಟಿ ಎತ್ತುವುದು, ಲೆಕ್ಕ ಇಡುವುದು, ಭಾಷಣ ಏರ್ಪಡಿಸುವುದು, ನಾಟಕ ಆಡಿಸುವುದು, ಇವೆಲ್ಲವನ್ನೂ ಎಳೆಯರು ಅಲ್ಲಿ ಕಲಿತರು. ಮುಂದೆ ಧ್ವನಿವರ್ಧಕ ಬಂತು, 1980ರ ದಶಕದಲ್ಲಿ ಕ್ಯಾಸೆಟ್ಟು ಬಂತು, ಆಮೇಲೆ ಅಗ್ಗದ ಆಂಪ್ಲಿಫೈಯರ್, ಬಾಡಿಗೆ ಜನರೇಟರ್, ಮೊಬೈಲಿನಿಂದಲೇ ಹಾಡು ಹಚ್ಚುವ ಸೌಲಭ್ಯ ಬಂದವು. ಡೊಳ್ಳು, ಹಲಗಿ, ಸನಾದಿ, ಜಾಂಜು ಬಾರಿಸಲು ಹತ್ತಾರು ಮಂದಿಯ ತೋಳು ಬೇಕಿತ್ತು. ಅವರು ದಣಿಯುತ್ತಿದ್ದರು, ನಡುನಡುವೆ ನಿಲ್ಲಿಸುತ್ತಿದ್ದರು, ಆಗ ಕಿವಿಗೂ ಬಿಡುವು ಸಿಗುತ್ತಿತ್ತು. ಡಿಜೆಗೆ ದಣಿವಿಲ್ಲ. ಒಬ್ಬ ಆಪರೇಟರ್ ಕೂತು ಒಂದು ಗುಂಡಿ ತಿರುಗಿಸಿದರೆ ಸಾಕು. ಸದ್ದಿನ ಪ್ರಮಾಣಕ್ಕೂ ಅದನ್ನು ಮಾಡುವ ಮಂದಿಯ ಸಂಖ್ಯೆಗೂ ಇದ್ದ ನಂಟು ಹರಿದದ್ದು ಈ ಬದಲಾವಣೆಯ ತಿರುಳು. ಮೇಳದಲ್ಲಿ ಕೆಲಸವಿದ್ದ ಹುಡುಗ ಡಿಜೆ ಮುಂದೆ ಬರೀ ಕುಣಿಯುವವನಾದ.

ಮೊದಲ ವಾದ: ಇದು ಕಾನೂನಿನ ಕೆಲಸ

ಕಾನೂನಿನ ಪಕ್ಷದ ಕೈಯಲ್ಲಿ ಸ್ಪಷ್ಟ ಬರಹವಿದೆ. 1981ರ ವಾಯು ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಸದ್ದನ್ನೂ ಮಾಲಿನ್ಯವೆಂದು ಸೇರಿಸಲಾಯಿತು. 2000ದಲ್ಲಿ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಬಂದವು. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ವ್ಯಾಪಾರದ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯದಂಥ ಶಾಂತ ವಲಯಗಳಲ್ಲಿ 50 ಮತ್ತು 40. ಸಾರ್ವಜನಿಕ ಜಾಗದ ಅಂಚಿನಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಇಲ್ಲವೇ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟುವಂತಿಲ್ಲ. ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಚ್ಚುವಂತಿಲ್ಲ, ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರ ತನಕ ಹಚ್ಚಲೇಬಾರದು. ವರ್ಷಕ್ಕೆ 15 ದಿನ ಮೀರದಂತೆ ಹಬ್ಬ-ಉತ್ಸವಗಳಿಗೆ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ದ ಆಗಸ್ಟಿನಲ್ಲಿ, ಮದ್ರಾಸಿನ ಚರ್ಚೊಂದರ ಪ್ರಕರಣದಲ್ಲಿ ಹೇಳಿತು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರಿದ್ದ ಪೀಠ 2005ರ ಜುಲೈ 18ರಂದು ಕೊಟ್ಟ ವಿಸ್ತಾರವಾದ ತೀರ್ಪು ಈ ಮಾತನ್ನು ಇನ್ನೂ ಗಟ್ಟಿ ಮಾಡಿತು: ಮಾತಾಡುವ ಹಕ್ಕು ಇನ್ನೊಬ್ಬರನ್ನು ಬಲವಂತದ ಕೇಳುಗರನ್ನಾಗಿ ಮಾಡುವ ಹಕ್ಕಲ್ಲ, ನೆಮ್ಮದಿಯಿಂದ ಬಾಳುವುದು 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಭಾಗ.

ಈ ವಾದದ ಬಲವೆಂದರೆ ಅದು ದುರ್ಬಲರ ಪರವಾಗಿ ನಿಲ್ಲುತ್ತದೆ. ಬಾಣಂತಿ, ಹೃದ್ರೋಗಿ, ಮರುದಿನ ಪರೀಕ್ಷೆ ಇರುವ ವಿದ್ಯಾರ್ಥಿ, ಇವರು ಯುವಕ ಮಂಡಳದ ಎದುರು ನಿಂತು ವಾದಿಸಲಾರರು. ಅವರ ಬದಲು ನಿಯಮ ವಾದಿಸುತ್ತದೆ. ದೌರ್ಬಲ್ಯವಿರುವುದು ಜಾರಿಯಲ್ಲಿ. 75ರ ಮಿತಿ ಇದ್ದಲ್ಲಿ 105 ಡೆಸಿಬಲ್ ಸದ್ದಾದರೆ ಕಾಗದದ ಮೇಲೆ ಅದು 30ರ ವ್ಯತ್ಯಾಸ, ಸದ್ದಿನ ಶಕ್ತಿಯ ಲೆಕ್ಕದಲ್ಲಿ ಸಾವಿರ ಪಟ್ಟು. ಸ್ಥಳದಲ್ಲಿ ಮಾಪಕ ಹಿಡಿದು ಅಳೆದು ದಾಖಲಿಸುವ ಕೈ ಇಲ್ಲದಿದ್ದರೆ ಈ ಸಾವಿರ ಪಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಹಗಲಿರುಳು ಸದ್ದು ಅಳೆಯುವ ಜಾಲ ಶುರು ಮಾಡಿದಾಗ ಅದು ಹೋದದ್ದು ಬೆಂಗಳೂರು ಸೇರಿದಂತೆ ಏಳು ಮಹಾನಗರಗಳಿಗೆ. ಗದಗಿನಂಥ ಊರು ಆ ಪಟ್ಟಿಯಲ್ಲಿರಲಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯನ್ನು 2023ರ ಜನ ವಿಶ್ವಾಸ ಕಾಯ್ದೆ ತೆಗೆದು ದಂಡಕ್ಕೆ ಇಳಿಸಿದೆ. ಇನ್ನು ಉಳಿಯುವುದು ಹಲವು ಜಿಲ್ಲಾಡಳಿತಗಳು ಇತ್ತೀಚೆಗೆ ಹಿಡಿದಿರುವ ದಾರಿ, ಅಂದರೆ ಹಬ್ಬದ ದಿನಗಳಿಗೆ ಡಿಜೆಯನ್ನೇ ನಿಷೇಧಿಸುವುದು. ನಿಷೇಧ ಅಳತೆ ಬೇಡದ ಅಸ್ತ್ರ. ಡಬ್ಬಿ ಕಂಡರೆ ಜಪ್ತಿ ಮಾಡಬಹುದು. ಆದರೆ ಅದು ಕೊನೆಗೆ ಕಲಿಸುವ ಪಾಠ, ಪೊಲೀಸರಿದ್ದರೆ ಸದ್ದು ತಗ್ಗಿಸು ಎಂಬುದು. ಪೊಲೀಸರು ಇಲ್ಲದ ವರ್ಷದ ಉಳಿದ ದಿನಗಳಿಗೆ, ಮದುವೆ ಮನೆಗೆ, ಕಿವಿಗೆ ಚುಚ್ಚಿಕೊಂಡ ಇಯರ್‌ಫೋನಿಗೆ ಈ ಪಾಠ ತಲುಪುವುದಿಲ್ಲ.

ಎರಡನೆಯ ವಾದ: ಇದು ವೈದ್ಯರ ಕೆಲಸ

ವೈದ್ಯಕೀಯ ಪಕ್ಷ ದೃಷ್ಟಿಯನ್ನು ನೆರೆಮನೆಯವರ ಕಿವಿಯಿಂದ ಕುಣಿಯುವ ಹುಡುಗನ ಕಿವಿಗೇ ತಿರುಗಿಸುತ್ತದೆ. ಒಳಕಿವಿಯ ಶಂಖದೊಳಗೆ ಹುಟ್ಟಿನಿಂದ ಬಂದ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಅಲೆಗೆ ಅವು ಬಾಗಿ, ಆ ಬಾಗುವಿಕೆಯನ್ನು ನರದ ಸಂದೇಶವಾಗಿಸುತ್ತವೆ. ಎರಿಭೂಮಿಯ ಜೋಳದ ಬೆಳೆಯನ್ನು ನೆನೆದರೆ ಇದು ಅರ್ಥವಾದೀತು: ಮಂದಿ ಒಮ್ಮೆ ಹಾಯ್ದು ಹೋದರೆ ಬಾಗಿದ ದಂಟು ಮರುದಿನ ಎದ್ದು ನಿಲ್ಲುತ್ತದೆ, ಹಾಯುತ್ತಲೇ ಇದ್ದರೆ ಅಲ್ಲಿ ಬೆಳೆ ಹೋಗಿ ಕಾಲುದಾರಿ ಉಳಿಯುತ್ತದೆ. ಹಕ್ಕಿಗಳಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಮೆರವಣಿಗೆ ಮುಗಿಸಿ ಮಲಗಿದಾಗ ಕಿವಿಯೊಳಗೆ ಗುಂಯ್ ಎನ್ನುವುದು, ಎರಡು ದಿನ ಮಾತು ಮಂದವಾಗಿ ಕೇಳುವುದು ಆ ಬಾಗುವಿಕೆಯ ಗುರುತು. ಅಮೆರಿಕದ ಕುಜಾವಾ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು 2009ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಕಳವಳ ಹುಟ್ಟಿಸುವ ಸಂಗತಿ ತೋರಿಸಿತು. ಪರೀಕ್ಷೆಯಲ್ಲಿ ಕಿವಿ ಪೂರ್ತಿ ಚೇತರಿಸಿಕೊಂಡಂತೆ ಕಂಡರೂ ರೋಮಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ದೊಡ್ಡ ಸಂಖ್ಯೆಯಲ್ಲಿ ಕಳಚಿ ಹೋಗಿದ್ದವು.

ಎಷ್ಟು ಸದ್ದು, ಎಷ್ಟು ಹೊತ್ತು ಎಂಬುದಕ್ಕೂ ಲೆಕ್ಕವಿದೆ. ದುಡಿಮೆಯ ಜಾಗಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧವಾಗುತ್ತ ಹೋಗುತ್ತದೆ, 100 ಡೆಸಿಬಲ್ ಮುಟ್ಟುವಾಗ 15 ನಿಮಿಷ ಉಳಿದಿರುತ್ತದೆ. ಸ್ಪೀಕರುಗಳ ಎದುರೇ ಮೂರು-ನಾಲ್ಕು ತಾಸು ಕುಣಿಯುವವನ ಪಾಲಿಗೆ ಈ ಲೆಕ್ಕ ಮೊದಲ ಓಣಿ ದಾಟುವಷ್ಟರಲ್ಲೇ ಮುಗಿದಿರುತ್ತದೆ. ಡಬ್ಬಿಗಳ ಬೆನ್ನಿಗೇ ಕೂತು ಹಬ್ಬದ ಹಂಗಾಮಿಡೀ ದುಡಿಯುವ ಆಪರೇಟರ್ ಹುಡುಗನ ಕಿವಿ ಎಲ್ಲರಿಗಿಂತ ದೊಡ್ಡ ಅಪಾಯದಲ್ಲಿದೆ, ಅವನನ್ನು ಕಾರ್ಮಿಕನೆಂದು ಯಾರೂ ಎಣಿಸುವುದಿಲ್ಲ. ಸದ್ದಿನ ಪೆಟ್ಟು ಸಾಮಾನ್ಯವಾಗಿ ಮೊದಲು ಬೀಳುವುದು 4,000 ಹರ್ಟ್ಸ್ ಸುತ್ತಲಿನ ಏರುದನಿಗಳ ಮೇಲೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸ, ಶ, ಚ ಅಕ್ಷರಗಳು ಮಸುಕಾಗುತ್ತವೆ, ಸಂತೆಯ ಗದ್ದಲದಲ್ಲಿ ಆಸೆಯೋ ಆಚೆಯೋ ಎಂದು ತಡವರಿಸಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ ಮಾತಿನ ಶ್ರುತಿಯ 60 ಡೆಸಿಬಲ್ ನಷ್ಟವಾದ ಮೇಲಷ್ಟೇ ಒಬ್ಬನನ್ನು ಮಂದ ಶ್ರವಣದವನೆಂದು ಗುರುತಿಸುತ್ತದೆ. ಡಿಜೆ ಕೊಡುವ ಈ ಮೊದಲ ಗಾಯ ಆ ಗೆರೆಗಿಂತ ಬಹಳ ಕೆಳಗಿದೆ. ಆದ್ದರಿಂದ ಇದು ಯಾವ ಸರ್ಕಾರಿ ಲೆಕ್ಕಕ್ಕೂ ಸಿಗದ ಗಾಯ. 12ರಿಂದ 35 ವಯಸ್ಸಿನ ನೂರು ಕೋಟಿಗೂ ಹೆಚ್ಚು ಮಂದಿ ದೊಡ್ಡ ಸದ್ದಿನ ಮನರಂಜನೆಯಿಂದ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸಂಗೀತದ ಸ್ಥಳಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದೆಂದು ಅದು 2022ರಲ್ಲಿ ಮಾನದಂಡವನ್ನೂ ಕೊಟ್ಟಿದೆ.

ವೈದ್ಯರ ವಾದ ಎಡವುವುದು ಮದ್ದಿನ ಬಳಿ. ಜಾಗೃತಿ ಮೂಡಿಸಿ, ಕಿವಿಗೆ ಪ್ಲಗ್ ಹಾಕಿಕೊಳ್ಳಿ ಎನ್ನುವ ಸಲಹೆ ಪ್ರತಿಯೊಬ್ಬನ ಸ್ವಂತ ವಿವೇಕವನ್ನು ನೆಚ್ಚಿಕೊಂಡಿದೆ. ಯುವಜನರು ಸದ್ದನ್ನು ಹೇಗೆ ಕಾಣುತ್ತಾರೆ ಎಂದು ಅಳೆಯಲು ಸ್ವೀಡನ್ನಿನ ಸಂಶೋಧಕರು 2000ದ ದಶಕದ ಆರಂಭದಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದನ್ನು ಬಳಸಿ ಸ್ವೀಡನ್ ಮತ್ತು ಅಮೆರಿಕದ ಎಳೆಯರನ್ನು ಹೋಲಿಸಿದಾಗ ಸಂಗೀತ ಕಾರ್ಯಕ್ರಮಗಳಲ್ಲಿ ಕಿವಿ ರಕ್ಷಣೆ ಬಳಸುವವರು ಸ್ವೀಡನ್ನಿನಲ್ಲೇ ಬಹಳ ಹೆಚ್ಚಿದ್ದರು. ಬೆಲ್ಜಿಯಮ್ಮಿನ ಫ್ಲಾಂಡರ್ಸ್ 2013ರಲ್ಲಿ ಸಂಗೀತದ ಸದ್ದಿಗೆ ಮಿತಿ ಹಾಕಿ, ದೊಡ್ಡ ಸದ್ದಿನ ಸ್ಥಳಗಳಲ್ಲಿ ಉಚಿತ ಪ್ಲಗ್ ಇಡುವುದನ್ನು ಕಡ್ಡಾಯ ಮಾಡಿತು. ಅಲ್ಲಿ ಸರ್ಕಾರ ನಡೆಸಿದ ಪ್ರಚಾರದ ಮುಂಚೆ ಮತ್ತು ನಂತರ ಪ್ರೌಢಶಾಲೆಯ ಮಕ್ಕಳನ್ನು ಕೇಳಿದಾಗ ಪ್ಲಗ್ ಬಳಸುವವರು ಶೇ 4ರ ಒಳಗಿನಿಂದ ಶೇ 14ರ ಆಸುಪಾಸಿಗೆ ಏರಿದ್ದರು. ಏರಿಕೆ ನಿಜ, ಆದರೂ ಏಳರಲ್ಲಿ ಆರು ಮಂದಿ ಹೊರಗೇ ಉಳಿದರು. ಸುತ್ತಲಿನ ಏರ್ಪಾಡು ಬದಲಾದರೆ ಮನೋಭಾವವೂ ಸ್ವಲ್ಪ ಬದಲಾಗುತ್ತದೆ, ಬರೀ ಉಪದೇಶದಿಂದ ಆಗುವ ಕೆಲಸ ಕಡಿಮೆ ಎಂದು ಇದರಿಂದ ತಿಳಿಯಬೇಕು. ಜೊತೆಯವರೆಲ್ಲ ಕುಣಿಯುವಾಗ ಒಬ್ಬನೇ ಕಿವಿಗೆ ಅರಳೆ ತುರುಕಿಕೊಂಡು ನಿಲ್ಲುವುದು ಹದಿನೆಂಟರ ಹುಡುಗನಿಗೆ ಸುಲಭದ ಮಾತಲ್ಲ.

ಮೂರನೆಯ ವಾದ: ಇದು ಹಬ್ಬದ, ಗೌರವದ ಮಾತು

ಡಿಜೆ ಬೇಕೆನ್ನುವವರ ವಾದವನ್ನು ಕೇಳದೆ ತಳ್ಳಿಹಾಕುವ ರೂಢಿ ಪತ್ರಿಕೆಗಳಲ್ಲಿದೆ, ಅದು ಸರಿಯಲ್ಲ. ಅವರ ಮೊದಲ ಮಾತು: ವರ್ಷವಿಡೀ ಕಟ್ಟಡದ ಕೆಲಸ, ಗ್ಯಾರೇಜು, ಅಂಗಡಿ, ಹೊಲದಲ್ಲಿ ದುಡಿಯುವವರಿಗೆ ಊರಿನ ಮುಖ್ಯ ಬೀದಿ ನಮ್ಮದೆನಿಸುವುದು ಅದೊಂದೇ ರಾತ್ರಿ. ಎರಡನೆಯದು: ತಮ್ಮ ಮಹಾಪುರುಷರ ಮೆರವಣಿಗೆಗೆ ಒಂದು ಕಾಲದಲ್ಲಿ ಬೀದಿಯೇ ಸಿಗದಿದ್ದ ಸಮುದಾಯಗಳಿಗೆ ದೊಡ್ಡ ಸದ್ದು ತಾವೂ ಇದ್ದೇವೆ ಎಂದು ಸಾರುವ ಬಗೆ. ಮೂರನೆಯದು: ಗುಡಿಯ ಮೈಕು, ಮಸೀದಿಯ ಮೈಕು, ಪಕ್ಷಗಳ ಪ್ರಚಾರದ ಆಟೋ, ಉಳ್ಳವರ ಮನೆಯ ಪಟಾಕಿ ಯಾರಿಗೂ ತೊಂದರೆಯಾಗಿ ಕಾಣದೆ ಹುಡುಗರ ಡಿಜೆ ಮಾತ್ರ ಅಪರಾಧವಾಗಿ ಕಂಡರೆ ಅದು ನ್ಯಾಯವಲ್ಲ. ಸದ್ದಿನ ವಿರುದ್ಧದ ಚಳವಳಿಗಳಿಗೆ ಇತಿಹಾಸದಲ್ಲೂ ಈ ಮಚ್ಚೆ ಇದೆ. 1908ರಲ್ಲಿ ಜರ್ಮನಿಯ ತತ್ವಜ್ಞಾನಿ ಥಿಯೊಡೋರ್ ಲೆಸಿಂಗ್ ಸದ್ದಿನ ವಿರುದ್ಧ ಸಂಘ ಕಟ್ಟಿದಾಗ, ಓದುಬರಹದವರು ತಮ್ಮ ನೆಮ್ಮದಿಗಾಗಿ ದುಡಿಯುವವರ ಬಾಯಿ ಮುಚ್ಚಿಸಲು ಹೊರಟಿದ್ದಾರೆ ಎಂಬ ಟೀಕೆ ಬಂದಿತ್ತು. ಕರ್ನಾಟಕದಲ್ಲಿ 2022ರ ಧ್ವನಿವರ್ಧಕ ವಿವಾದವನ್ನು ನೆನೆಯಿರಿ. ಎಲ್ಲ ಕಡೆಗೂ ಅನ್ವಯಿಸುವ ನಿಯಮವೊಂದು ಕೆಲವೇ ವಾರಗಳಲ್ಲಿ ಸಮುದಾಯಗಳ ನಡುವಿನ ಹಗ್ಗಜಗ್ಗಾಟವಾಯಿತು, ಕಿವಿಯ ಮಾತು ಎಲ್ಲರಿಗೂ ಮರೆತೇ ಹೋಯಿತು.

ಇಷ್ಟನ್ನು ಒಪ್ಪಿದ ಮೇಲೂ ಈ ವಾದ ಒಂದು ಸತ್ಯವನ್ನು ದಾಟಲಾರದು: ಗೌರವ ಬೇಡುವ ಸದ್ದು ಮೊದಲು ಗಾಯ ಮಾಡುವುದು ತನ್ನವರನ್ನೇ. ಬೇಸ್ ಬಾಕ್ಸಿನ ಹತ್ತಿರ ನಿಲ್ಲುವವರು ಅದೇ ಓಣಿಯ ಹುಡುಗರು, ಹೆಗಲ ಮೇಲೆ ಕೂತ ಕೂಸು ಅದೇ ಓಣಿಯದು. ಗಟ್ಟಿ ಗೋಡೆ, ಗಾಜಿನ ಕಿಟಕಿ, ದೂರದ ಬಡಾವಣೆ ಇರುವವರು ಸದ್ದಿನಿಂದ ತಪ್ಪಿಸಿಕೊಳ್ಳಬಲ್ಲರು, ತಗಡಿನ ಮನೆಯವರು ತಪ್ಪಿಸಿಕೊಳ್ಳಲಾರರು. ಇನ್ನು ಪರಂಪರೆಯ ಮಾತು. ಈ ಸೀಮೆಯ ಪರಂಪರೆಯಲ್ಲಿ ಕಿವಿಗೆ ಇರುವ ಮರ್ಯಾದೆ ಬೇರೆಲ್ಲೂ ಸಿಗುವುದು ಕಷ್ಟ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟರು. ಆ ಮಕ್ಕಳಿಗೆ ಶ್ರುತಿಯ ಸೂಕ್ಷ್ಮ ಹಿಡಿಯುವ ಕಿವಿಯೇ ಓದು, ಅದೇ ಅನ್ನ. ಭೀಮಸೇನ ಜೋಶಿ ಅವರ ಎಳವೆ ಕಳೆದದ್ದೂ ಗದಗಿನಲ್ಲಿಯೇ. ಇಂಥ ಊರಿನಲ್ಲಿ ಕಿವಿ ಉಳಿಸುವ ಮಾತನ್ನು ಹೊರಗಿನವರು ಹೇರಿದ ನಾಜೂಕುತನ ಎನ್ನಲು ಬರುವುದಿಲ್ಲ.

ನಾಲ್ಕನೆಯ ವಾದ: ಪಾಲು ಸಿಗದವರ ಸದ್ದು

ಇನ್ನೂ ಎಳೆಯದಾದ ನಾಲ್ಕನೆಯ ವಾದ ಬೇರೆಡೆಯಿಂದ ಹೊರಡುತ್ತದೆ. ಹುಡುಗರಿಗೆ ಸಾರ್ವಜನಿಕ ಬದುಕಿನಲ್ಲಿ ಆಸಕ್ತಿಯಿಲ್ಲ ಎಂದು ಹಿರಿಯರು ದೂರುತ್ತಾರೆ. ಆದರೆ ಅದೇ ಹುಡುಗರು ಗಣಪತಿಯ ಹೊತ್ತಿಗೆ ಮನೆಮನೆ ತಿರುಗಿ ಪಟ್ಟಿ ಎತ್ತುತ್ತಾರೆ, ಪೆಂಡಾಲ್ ಹಾಕುತ್ತಾರೆ, ಅನುಮತಿಗೆ ಕಚೇರಿಯಿಂದ ಕಚೇರಿಗೆ ಓಡಾಡುತ್ತಾರೆ, ಪ್ರಸಾದಕ್ಕೆ ಸಾವಿರ ಮಂದಿಯ ಅಡುಗೆ ಮಾಡಿಸುತ್ತಾರೆ, ಕೊನೆಗೆ ಖರ್ಚಿನ ಲೆಕ್ಕ ಒಪ್ಪಿಸುತ್ತಾರೆ. ಸಂಘಟನೆಯ ಶಕ್ತಿ ಅವರಲ್ಲಿ ಧಾರಾಳವಾಗಿದೆ, ಅದು ಇಳಿಯಬಹುದಾದ ಅಂಗಳ ಕಿರಿದಾಗಿದೆ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ಹಕ್ಕು ಬಂತು, ದಿನದಿನದ ವಾದ, ರಾಜಿ, ಹೊಣೆ ಕಲಿಯುವ ಶಾಲೆ ಮುಚ್ಚಿತು. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಇಲ್ಲವೇ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ ಸುಮಾರು 1.72 ಲಕ್ಷ. ಹೀಗಿರುವಾಗ ಯುವಕ ಮಂಡಳವೊಂದು ಊರಿನ ಎದುರು ಬಂದು ನಿಲ್ಲುವ ಒಂದೇ ದಿನ ಮೆರವಣಿಗೆಯ ದಿನವಾದರೆ, ಆ ದಿನ ಆದಷ್ಟು ದೊಡ್ಡ ದನಿಯಲ್ಲಿ ನಿಲ್ಲಬೇಕೆಂದು ಅದಕ್ಕೆ ಅನ್ನಿಸುವುದು ಸಹಜ. ಪಕ್ಕದ ಓಣಿಯ ಡಬ್ಬಿಗಿಂತ ನಮ್ಮದು ಎರಡು ಹೆಚ್ಚಿರಬೇಕೆಂಬ ಹಟ ಹುಟ್ಟುವುದೂ ಇಲ್ಲಿಯೇ.

ಪಾಲು ಕೊಟ್ಟರೆ ಎಳೆಯರು ಸದ್ದಿನ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳಬಲ್ಲರು ಎಂಬುದಕ್ಕೆ ಉದಾಹರಣೆಗಳಿವೆ. 1906ರ ಕೊನೆಯಲ್ಲಿ ನ್ಯೂಯಾರ್ಕಿನ ಜೂಲಿಯಾ ಬಾರ್ನೆಟ್ ರೈಸ್ ಅನಗತ್ಯ ಸದ್ದಿನ ವಿರುದ್ಧ ಸಂಘ ಕಟ್ಟಿದರು. ಆಸ್ಪತ್ರೆಗಳ ಬಳಿ ಗಲಾಟೆ ಮಾಡುವ ಮಕ್ಕಳ ಮೇಲೆ ಅವರು ದೂರು ಕೊಡಲಿಲ್ಲ, ಮಕ್ಕಳದೇ ಒಂದು ಶಾಖೆ ಮಾಡಿದರು. ಸಾಹಿತಿ ಮಾರ್ಕ್ ಟ್ವೇನ್ ಅದರ ಗೌರವಾಧ್ಯಕ್ಷರಾದರು. ಮಕ್ಕಳು ಬಿಲ್ಲೆ ಧರಿಸಿ, ಆಸ್ಪತ್ರೆಯ ಸುತ್ತ ಸದ್ದು ಮಾಡೆವೆಂದು ಮಾತು ಕೊಟ್ಟರು. ಅದೇ ನಗರದಲ್ಲಿ 1975ರಲ್ಲಿ ಮನೋವಿಜ್ಞಾನಿ ಆರ್ಲೀನ್ ಬ್ರೋನ್ಝಾಫ್ಟ್ ನಡೆಸಿದ ಅಧ್ಯಯನವೂ ಇಲ್ಲಿ ಪ್ರಸ್ತುತ. ಮೇಲ್ಸೇತುವೆಯ ರೈಲು ಹಾದು ಹೋಗುವ ಕಡೆಯ ಕೋಣೆಗಳಲ್ಲಿ ಕಲಿತ ಆರನೇ ತರಗತಿಯ ಮಕ್ಕಳು ಓದಿನಲ್ಲಿ ಇನ್ನೊಂದು ಬದಿಯ ಮಕ್ಕಳಿಗಿಂತ ಸುಮಾರು ಒಂದು ವರ್ಷ ಹಿಂದಿದ್ದರು. ಹಳಿಗೆ ರಬ್ಬರ್ ಹಾಸಿ, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಿದ ಮೇಲೆ 1981ರ ಹೊತ್ತಿಗೆ ಆ ಅಂತರ ಮಾಯವಾಗಿತ್ತು. ಅಳೆದು ತೋರಿಸಿದ ಒಂದು ಅಂಕಿ ಆಡಳಿತವನ್ನು ಅಲುಗಿಸಿತು. ಅಳೆಯುವ ಕೆಲಸವನ್ನು ಹುಡುಗರ ಕೈಗೇ ಕೊಟ್ಟರೆ ಅವರೂ ಅಲುಗಿಸಬಲ್ಲರು.

ನಮ್ಮ ನೆಲದಲ್ಲೂ ಇದಕ್ಕೆ ಬೇರುಗಳಿವೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಹಳ್ಳಿಯವರು ತಮ್ಮ ಹಣದ ಹೊಣೆಯನ್ನು ತಾವೇ ಹೊತ್ತ ಕಥೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡೆವೆಂದು ರೈತರು ಎದ್ದು ನಿಂತರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಯೋಜನೆ ಹಿಂದೆ ಸರಿಯಿತು. ಕಪ್ಪತಗುಡ್ಡದ ಹೋರಾಟ 2019ರಲ್ಲಿ ಅದನ್ನು ವನ್ಯಜೀವಿ ಧಾಮವಾಗಿಸುವ ತನಕ ನಡೆಯಿತು. ಸ್ಪೀಕರಿನ ಅಬ್ಬರವಲ್ಲ, ವಿಷಯದ ತಿಳಿವಳಿಕೆ ಮತ್ತು ಬಿಡದ ಪಟ್ಟು ಆ ಹೋರಾಟಗಳನ್ನು ಗೆಲ್ಲಿಸಿದವು. 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗಿನ ಬಳಿಯ ನಾಗಾವಿಯಲ್ಲಿದೆ, ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಈ ಮೂರರ ತಿಳಿವಳಿಕೆಯನ್ನು ಓಣಿಯ ಯುವಕ ಮಂಡಳಕ್ಕೆ ಜೋಡಿಸುವ ಕೊಂಡಿ ಮಾತ್ರ ಇಲ್ಲ. ಪ್ರತಿ ಮಂಡಳದ ಇಬ್ಬರಿಗೆ ಮಾಪಕ ಹಿಡಿಯಲು ಕಲಿಸುವುದು, ಮೆರವಣಿಗೆಯ ದಾರಿ, ಹೊತ್ತು, ಸದ್ದಿನ ಮಿತಿಯನ್ನು ಶಾಂತಿ ಸಭೆಯಲ್ಲಿ ಓದಿ ಹೇಳುವ ಬದಲು ಅವರೊಡನೆ ಕೂತು ನಿರ್ಧರಿಸುವುದು, ಆಸ್ಪತ್ರೆಯ ಮುಂದೆ ಎಲ್ಲ ಮಂಡಳಗಳೂ ಡಬ್ಬಿ ಬಂದ್ ಮಾಡುವ ಒಪ್ಪಂದವನ್ನು ಅವರೇ ಬರೆಯುವುದು, ಇವು ನಾಳೆಯೇ ಶುರುವಾಗಬಹುದಾದ ಕೆಲಸಗಳು.

ಆಕ್ಷೇಪಗಳು

ಇದಕ್ಕೆ ಮೂರು ಗಂಭೀರ ಆಕ್ಷೇಪಗಳಿವೆ. ಕಾನೂನು ಮುರಿಯುವವರನ್ನು ಓಲೈಸುವುದೇಕೆ ಎಂಬುದು ಮೊದಲನೆಯದು. ಓಲೈಕೆ ಎಂದರೆ ಮಿತಿಯನ್ನು ಸಡಿಲಿಸುವುದು. ಇಲ್ಲಿ ಹೇಳುತ್ತಿರುವುದು ಮಿತಿಯನ್ನು ಕಾಯುವ ಹೊಣೆಯಲ್ಲಿ ಅವರನ್ನೂ ಸೇರಿಸಿಕೊಳ್ಳುವುದು. ಒಪ್ಪಂದ ಮುರಿದ ಮಂಡಳಕ್ಕೆ ಮರುವರ್ಷ ಅನುಮತಿ ಕೊಡದಿರುವ ಅಧಿಕಾರ ಆಡಳಿತದ ಬಳಿಯೇ ಇರುತ್ತದೆ, ಇರಲೇಬೇಕು. ಡೊಳ್ಳು ಹಲಗಿಗಳೂ ದೊಡ್ಡ ಸದ್ದಿನವೇ ಅಲ್ಲವೇ ಎಂಬುದು ಎರಡನೆಯದು. ನಿಜ, ಹತ್ತಿರ ನಿಂತು ಬಾರಿಸುವವನ ಕಿವಿಗೆ ಅವೂ ಅಪಾಯ, ಅವನಿಗೂ ಪ್ಲಗ್ ಬೇಕು. ಆದರೆ ಬಾರಿಸುವವರ ಉಸಿರಿಗೆ ಕಟ್ಟುಬಿದ್ದ ಸದ್ದಿಗೆ ತನ್ನದೇ ಮಿತಿಯಿದೆ, ಅದು ಹುಡುಗರನ್ನು ನೋಡುಗರಾಗಿಸದೆ ಕಲಾವಿದರನ್ನಾಗಿ ಮಾಡುತ್ತದೆ. ಮೂರನೆಯದು ಹೊಟ್ಟೆಪಾಡಿನ ಮಾತು: ಸಾಲ ಮಾಡಿ ಸೌಂಡ್ ಸಿಸ್ಟಂ ಕೊಂಡವರ ಗತಿ ಏನು? ದಿಢೀರ್ ನಿಷೇಧ ಅವರನ್ನು ಮುಳುಗಿಸುತ್ತದೆ ಎಂಬುದು ಒಪ್ಪಬೇಕಾದ ಮಾತು. ಹಬ್ಬಕ್ಕೆ ಆರು ತಿಂಗಳು ಮೊದಲೇ ಮಿತಿ ಗೊತ್ತಿದ್ದರೆ, ಆಂಪ್ಲಿಫೈಯರಿಗೆ ಸದ್ದು ಕಟ್ಟುವ ಸಾಧನ ಕೂರಿಸಿದವರಿಗೇ ಪರವಾನಗಿ ಸಿಗುವುದಾದರೆ, ಅವರ ಕಸುಬೂ ಉಳಿಯುತ್ತದೆ, ಆಪರೇಟರನ ಕಿವಿಯೂ ಉಳಿಯುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಕೆಲವು ಪ್ರಶ್ನೆಗಳಿಗೆ ಯಾವ ಪಕ್ಷದ ಬಳಿಯೂ ಉತ್ತರವಿಲ್ಲ. ಇಲಿಗಳಲ್ಲಿ ಕಂಡ ಅಡಗಿದ ಗಾಯ ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ಆಗುತ್ತದೆ, ವರ್ಷಕ್ಕೆ ನಾಲ್ಕೈದು ರಾತ್ರಿಗಳ ಭಾರೀ ಸದ್ದು ನಲವತ್ತರ ವಯಸ್ಸಿಗೆ ಯಾವ ಲೆಕ್ಕ ಕೇಳುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಲ್ಲಿದೆ. ನಮ್ಮ ನಿಯಮಗಳು ಬಳಸುವ ಡೆಸಿಬಲ್ ಅಳತೆ ಮಂದ್ರ ದನಿಗಳನ್ನು ಕಡಿಮೆ ಎಣಿಸುವಂಥದ್ದು. ಕಿಟಕಿಯ ಗಾಜು, ಎದೆಗೂಡು ನಡುಗಿಸುವ ಬೇಸನ್ನು ಅದು ಪೂರ್ತಿ ಹಿಡಿಯುವುದಿಲ್ಲ, ಹೀಗಾಗಿ ಮಿತಿಯೊಳಗಿದ್ದೂ ಕಾಡುವ ಸದ್ದಿಗೆ ಯಾವ ಅಳತೆ ಬೇಕೆಂಬುದು ತೀರ್ಮಾನವಾಗಿಲ್ಲ. ಚಲಿಸುವ ಮೆರವಣಿಗೆಗೆ ಸಾರ್ವಜನಿಕ ಜಾಗದ ಅಂಚು ಯಾವುದು ಎಂಬ ಸರಳ ಪ್ರಶ್ನೆಯೂ ಸ್ಥಳದಲ್ಲಿ ನಿಂತ ಪೇದೆಗೆ ಸರಳವಲ್ಲ. ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯ ವಾದದ್ದೇ ಪ್ರಶ್ನೆ: ಪಾಲು ಸಿಕ್ಕರೆ ಸದ್ದು ಇಳಿಯುತ್ತದೆ ಎಂಬುದಕ್ಕೆ ವೈದ್ಯರ ಬಳಿ ಇರುವಷ್ಟು ಗಟ್ಟಿ ಸಾಕ್ಷ್ಯ ಈ ವಾದದ ಬಳಿ ಇಲ್ಲ. ಪಾಲು ಸಿಕ್ಕ ಮಂಡಳಗಳು ಅಧಿಕಾರವನ್ನು ಪೈಪೋಟಿಗೆ ಬಳಸಿಕೊಂಡಾವೆಂಬ ಭಯವೂ ಸುಳ್ಳಲ್ಲ. ಒಪ್ಪಂದಕ್ಕೆ ಬಂದ ಓಣಿಗಳಲ್ಲೂ ಬರೀ ನಿಷೇಧವಿದ್ದ ಓಣಿಗಳಲ್ಲೂ ಎರಡು-ಮೂರು ಹಬ್ಬಗಳ ಕಾಲ ಸದ್ದನ್ನು ಅಳೆದು, ಹುಡುಗರ ಆಡಿಯೋಗ್ರಾಮ್ ತೆಗೆದು ಹೋಲಿಸಿದರೆ ಇದಕ್ಕೆ ಉತ್ತರ ಸಿಕ್ಕೀತು. ಅಂಥ ಅಧ್ಯಯನಕ್ಕೆ ಬೇಕಾದ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಯುವಕ ಮಂಡಳಗಳು ಮೂರೂ ಈ ಸೀಮೆಯಲ್ಲೇ ಇವೆ. ಕಿವಿ ಕೆಟ್ಟವನು ಗ್ರಾಮಸಭೆಯಲ್ಲಿ ಏನು ಮಾತಾಡಿದರೆಂದು ತಿಳಿಯದೆ ಮೆಲ್ಲಗೆ ಸಭೆಗೆ ಬರುವುದನ್ನೇ ಬಿಡುತ್ತಾನೆ. ಸಭೆಯಲ್ಲಿ ಜಾಗವಿಲ್ಲದವನು ಬೀದಿಯಲ್ಲಿ ಡಬ್ಬಿ ಪೇರಿಸುತ್ತಾನೆ. ಈ ಎರಡು ನಷ್ಟಗಳು ಒಂದನ್ನೊಂದು ಬೆಳೆಸುತ್ತಿವೆ, ಆದ್ದರಿಂದ ಎರಡಕ್ಕೂ ಒಟ್ಟಿಗೆ ಕೈ ಹಾಕುವುದೇ ಸರಿಯಾದ ಆರಂಭ.